ಎರಡು ದಿನ ಪೂರ್ತಿ ಅಲ್ಲಿ ಎಂತ ಮಾಡ್ತೀರಿ?

ಮೇ ತಿಂಗಳ ಒಂದು ಮದುವೆ ಊಟ. ಪಂಕ್ತಿಯಲ್ಲಿ ಪಕ್ಕ ಕುಳಿತಿದ್ದ ಚಿಕ್ಕಮ್ಮ ಮತ್ತೆ ಕೇಳಿದರು: "ಶನಿವಾರ ಹೋದರೆ ಆದಿತ್ಯವಾರ ರಾತ್ರಿಯೇ ಬರುವುದಂತೆ. ಎರಡು ದಿನ ಪೂರ್ತಿ ಅಲ್ಲಿ ಎಂತ ಮಾಡ್ತೀರಿ ಮಾರಾಯ್ತಿ? ಕಾಮಿಕ್ಸ್ ಓದುವ ಪ್ರಾಯವಾ ಇದು?"

ತಿಂಗಳಿಗೊಮ್ಮೆ ಗೆಳೆಯರು ಸೇರಿ ಕಾಮಿಕ್ಸ್ ಓದಿ ಆಟ ಆಡುವ ನಮ್ಮ ಕೂಟದ ಬಗ್ಗೆ ಆಫೀಸಿನಲ್ಲೂ ಇದೇ ಪ್ರಶ್ನೆ. ಪಾಯಸ ಬರುವುದರೊಳಗೆ ಹೇಳಿ ಮುಗಿಸುವ ಉತ್ತರವಲ್ಲ ಇದು. ಹಾಗಾಗಿ ಬರೆಯುತ್ತಿದ್ದೇನೆ.

ನಾವು ಐದು ಜನ. ಒಬ್ಬನದು ಮೆಡಿಕಲ್ ಶಾಪು. ಇಬ್ಬರು ಅಕ್ಕತಂಗಿಯರು, ಮಣಿಪಾಲದಲ್ಲಿ ಕೆಲಸ. ಒಬ್ಬಳು ಲೆಕ್ಚರರ್. ನಾನು ಬ್ಯಾಂಕು. ಎರಡನೇ ಶನಿವಾರ ನನಗೆ ರಜೆ, ಆದ್ದರಿಂದ ಅದೇ ದಿನ ಉಡುಪಿಯ ಕುಂಜಿಬೆಟ್ಟಿನಲ್ಲಿ ಲೆಕ್ಚರರ್ ಗೆಳತಿಯ ಮನೆ ಚಾವಡಿಯಲ್ಲಿ ಸೇರುತ್ತೇವೆ.

ಮೊದಲು ಟ್ರಂಕ್ ತೆಗೆಯುತ್ತೇವೆ. ನಮ್ಮ ಮಳೆಗಾಲದಲ್ಲಿ ಪುಸ್ತಕ ಸುಮ್ನೆ ಇಟ್ಟರೆ ಬೂಷ್ಟು ಹಿಡಿಯುತ್ತದೆ. ಒಂದೊಂದನ್ನೇ ಒಣಬಟ್ಟೆಯಲ್ಲಿ ಒರೆಸಿ ಫ್ಯಾನಿನ ಕೆಳಗೆ ಹರಡುತ್ತೇವೆ. ಚಂದಮಾಮ, ಅಮರ ಚಿತ್ರಕಥೆ, ಮಣಿಪಾಲದಿಂದಲೇ ಬರುತ್ತಿದ್ದ ತುಂತುರು, ಡಿಂಗನ ಕಥೆ ಇರುವ ಬಾಲಮಂಗಳ. ಒರೆಸುವ ಕೆಲಸಕ್ಕೇ ಒಂದು ಗಂಟೆ ಹೋಗುತ್ತದೆ, ಯಾಕೆಂದರೆ ಎಲ್ಲರೂ ನಡುನಡುವೆ ಓದಲು ಶುರುಮಾಡುತ್ತಾರೆ.

ಆಮೇಲೆ ಒಂದು ಪುಸ್ತಕ ನಡುವೆ ಇಟ್ಟು ಐವರೂ ಸುತ್ತ ಕೂರುತ್ತೇವೆ. ಒಬ್ಬರು ಹಾಳೆ ಮಗುಚುತ್ತಾರೆ. ಎಲ್ಲರೂ ಹ್ಞೂಂ ಅನ್ನುವವರೆಗೆ ಮಗುಚುವ ಹಾಗಿಲ್ಲ. ಚಿಕ್ಕಂದಿನಲ್ಲಿ ನಾವು ಕಥೆಗಾಗಿ ಓಡುತ್ತಿದ್ದೆವು. ಮುಂದೇನಾಯಿತು, ಅಷ್ಟೇ ಬೇಕಿತ್ತು. ಈಗ ನಿಲ್ಲುತ್ತೇವೆ. ಒಂದು ಚಿತ್ರದಲ್ಲಿ ಹುಡುಗ ಕಲ್ಲು ಎತ್ತಿದ್ದಾನೆ ಅಂತಿಟ್ಟುಕೊಳ್ಳಿ. ಮುಂದಿನ ಚಿತ್ರದಲ್ಲಿ ಗಡಿಗೆ ಒಡೆದಿದೆ. ಕಲ್ಲು ಹಾರಿದ್ದನ್ನು ಯಾರೂ ಬರೆದಿಲ್ಲ. ಅದು ಎರಡು ಚೌಕಗಳ ನಡುವಿನ ಬಿಳಿ ಜಾಗದಲ್ಲಿ ಹಾರಿತು, ಹಾರಿಸಿದ್ದು ನಾವು. ಯಕ್ಷಗಾನ ನೋಡಿ ಬೆಳೆದವರಿಗೆ ಇದು ಹೊಸತಲ್ಲ. ವೇಷಧಾರಿ ರಂಗದಲ್ಲಿ ಎರಡು ಸುತ್ತು ಹಾಕಿದರೆ ಕಾಡು ಬಂತು ಅಂತ ನಾವು ಒಪ್ಪುತ್ತೇವೆ, ಅಲ್ವಾ?

ಹೀಗೆ ನಿಧಾನಕ್ಕೆ ನೋಡಿದ್ದರಿಂದಲೇ ಚಿತ್ರ ಬರೆದವರ ಕೈ ಗುರುತು ಸಿಗತೊಡಗಿತು. ಅಮರ ಚಿತ್ರಕಥೆಯ 'ಕೃಷ್ಣ'ನನ್ನೂ ಮಕ್ಕಳ ಪತ್ರಿಕೆ ಟಿಂಕಲ್‌ನ ಪೆದ್ದ ಸುಪ್ಪಾಂಡಿಯನ್ನೂ ಬರೆದದ್ದು ಒಬ್ಬರೇ, ರಾಮ್ ವಾಯೀರ್ಕರ್. ಒಂದೇ ಕೈಯಿಂದ ಆ ಮುದ್ದು ಮುಖವೂ ಈ ಚೂಪು ತಲೆಯೂ ಬಂದವು ಅಂತ ಗೊತ್ತಾದ ಸಂಜೆ ನಾವು ಎರಡೂ ಪುಸ್ತಕ ಪಕ್ಕಪಕ್ಕ ಇಟ್ಟು ಬೆರಳು, ಕಣ್ಣು, ಪಾದ ಹೋಲಿಸುತ್ತಾ ಕುಳಿತೆವು. ಚಹಾ ಆರಿಹೋಯಿತು.

ಇದೆಲ್ಲ ಫಾರಿನ್ ಹುಚ್ಚು ಅನ್ನುವವರಿಗೆ ನಾನು ಕಾರ್ಕಳದ ಹೆಸರು ಹೇಳುತ್ತೇನೆ. ಅನಂತ ಪೈ ಹುಟ್ಟಿದ್ದು ಅಲ್ಲಿ, 1929ರಲ್ಲಿ. ಎಳೆಯ ಪ್ರಾಯದಲ್ಲೇ ಅಪ್ಪ ಅಮ್ಮನನ್ನು ಕಳೆದುಕೊಂಡು, 12ನೇ ವರ್ಷಕ್ಕೆ ಮುಂಬೈಗೆ ಹೋದವರು. ಟಿವಿಯ ಒಂದು ಕ್ವಿಜ್‌ನಲ್ಲಿ ಗ್ರೀಕ್ ದೇವತೆಗಳ ಬಗ್ಗೆ ಉತ್ತರ ಹೇಳಿದ ಮಕ್ಕಳಿಗೆ ರಾಮನ ತಾಯಿಯ ಹೆಸರು ಬರಲಿಲ್ಲ. ಅದನ್ನು ನೋಡಿದ ಪೈಗಳು 1967ರಲ್ಲಿ ಅಮರ ಚಿತ್ರಕಥೆ ಶುರುಮಾಡಿದರು. 1980ರಲ್ಲಿ ಟಿಂಕಲ್. ದೇಶದ ಮಕ್ಕಳೆಲ್ಲ ಅಂಕಲ್ ಪೈ ಅಂತ ಕರೆದದ್ದು ನಮ್ಮ ಪಕ್ಕದೂರಿನವರನ್ನು. ಇದನ್ನು ಹೇಳುವಾಗ ನನಗೆ ಪ್ರತಿ ಸಲವೂ ಖುಷಿಯಾಗುತ್ತದೆ.

ಮಧ್ಯಾಹ್ನದ ಮೇಲೆ ಆಟ. ಹೆಚ್ಚಾಗಿ ಕ್ಯಾಟಾನ್ ಎಂಬ ಬೋರ್ಡ್ ಆಟ, 1995ರಲ್ಲಿ ಜರ್ಮನಿಯಲ್ಲಿ ಬಂದದ್ದು. ಆರು ಮೂಲೆಯ 19 ತುಂಡು ಜೋಡಿಸಿದರೆ ಒಂದು ದ್ವೀಪ. ಎರಡು ದಾಳ ಹಾಕುತ್ತಾ, ಮರ, ಇಟ್ಟಿಗೆ, ಉಣ್ಣೆ ಕೊಟ್ಟು ತೆಗೆದುಕೊಂಡು ದಾರಿ, ಮನೆ ಕಟ್ಟಬೇಕು. ಗೆಳತಿಯ ಅಮ್ಮ ಗೋಳಿಬಜೆ ತಂದಿಟ್ಟು ಸ್ವಲ್ಪ ಹೊತ್ತು ನೋಡಿ, "ಏಳು ಜಾಸ್ತಿ ಬೀಳ್ತದೆ ಅಲ್ವಾ?" ಅಂದರು. ಸರಿಯೇ. ಎರಡು ದಾಳ ಬೀಳುವ 36 ಬಗೆಯಲ್ಲಿ 6 ಬಗೆ ಏಳಕ್ಕೆ ಸೇರುತ್ತವೆ, ಬೇರೆ ಯಾವ ಮೊತ್ತಕ್ಕೂ ಅಷ್ಟಿಲ್ಲ. ನಾವು ಪುಸ್ತಕದಲ್ಲಿ ಓದಿದ್ದನ್ನು ಅವರು ಹತ್ತು ನಿಮಿಷ ನೋಡಿ ಹೇಳಿದರು.

ಅದಕ್ಕೆ ಕಾರಣ ಚೆನ್ನೆಮಣೆ, ಗುಳಿಗಳಿಗೆ ಕಾಯಿ ಹಂಚುತ್ತಾ ಹೋಗುವ ನಮ್ಮ ಕಡೆಯ ಆಟ. 14 ಗುಳಿ, ಗುಳಿಗೆ 4ರಂತೆ 56 ಕಾಯಿ, ಕೆಂಪು ಮಂಜೊಟ್ಟಿ ಬೀಜ. ಕೊನೆಯ ಕಾಯಿ ಯಾವ ಗುಳಿಯಲ್ಲಿ ನಿಲ್ಲುತ್ತದೆ ಅಂತ ಗೆಳತಿಯ ಅಮ್ಮನಿಗೆ ಕಾಯಿ ಎತ್ತುವ ಮೊದಲೇ ಗೊತ್ತು. ಆದರೆ ಅವರು ಮಣೆ ಇಳಿಸುವುದು ತುಳುವರ ಮಳೆಗಾಲದ ಆಟಿ ತಿಂಗಳಲ್ಲಿ ಮಾತ್ರ. ಅಕ್ಕತಂಗಿಯರು ಎದುರುಬದುರು ಆಡುವಂತೆಯೂ ಇಲ್ಲ. ಹೋದ ವರ್ಷ ನಮ್ಮ ಮಣಿಪಾಲದ ಇಬ್ಬರು ಹಾಗೆ ಕುಳಿತಾಗ ತಕ್ಷಣ ಎಬ್ಬಿಸಿದರು. ಚೆನ್ನೆಯಾಡುತ್ತಾ ಜಗಳವಾಗಿ, ಅದೇ ಮಣೆಯಿಂದ ಪೆಟ್ಟು ಬಿದ್ದು ಕೊನೆಗೆ ಇಬ್ಬರೂ ಇಲ್ಲವಾದ ಅಬ್ಬಗ ದಾರಗ ಎಂಬ ಅಕ್ಕತಂಗಿಯರ ಕಥೆ ಹೇಳಿದರು. ಹೊರಗೆ ಮಳೆ ಸುರಿಯುತ್ತಿತ್ತು. ಅಕ್ಕ ಎದ್ದು ತಂಗಿಯ ಪಕ್ಕದಲ್ಲಿ ಹೋಗಿ ಕುಳಿತಳು.

ಆದಿತ್ಯವಾರ ಮೆಡಿಕಲ್ ಶಾಪಿನವನ ದಿನ. ಕಾಮಿಕ್ಸ್ ಪಾತ್ರಗಳ ವೇಷ ತೊಟ್ಟು ಜನ ಸೇರುವ ಬೆಂಗಳೂರಿನ ಕಾಮಿಕ್ ಕಾನ್ ಮೇಳಕ್ಕೆ ಅವನು ಕವಚ ಮಾಡುತ್ತಾನೆ. ಫೋಮ್ ಹಾಳೆ ಕತ್ತರಿಸಿ, ಬಿಸಿಗಾಳಿ ಹಿಡಿದು, ಮೆತ್ತಗಾದಾಗ ಮೊಣಕಾಲಿಗೆ ಒತ್ತಿ ಬಗ್ಗಿಸುತ್ತಾನೆ. ಅಂಟು, ಬಣ್ಣ ನಮ್ಮ ಪಾಲಿಗೆ. ಜುಲೈಯಲ್ಲಿ ಬಣ್ಣ ಒಣಗುವುದೇ ಇಲ್ಲ. ಹಗುರವಾಗಿರಬೇಕು, ತೊಟ್ಟವನು ಕುಣಿಯಬೇಕು ಅಂತ ಅವನು ಯಾವಾಗಲೂ ಹೇಳುತ್ತಾನೆ. ಯಕ್ಷಗಾನದವರು ಹಗುರ ಮರಕ್ಕೆ ಬೇಗಡೆ ಅಂಟಿಸಿ ಕಿರೀಟ, ಭುಜಕೀರ್ತಿ ಮಾಡುವುದನ್ನು ನೋಡಿ ಕಲಿತದ್ದು ಅದು.

ಚಿಕ್ಕಮ್ಮ, ನಾವು ಮಾಡುವುದು ಇಷ್ಟು. ಆಗಸ್ಟಿನ ಎರಡನೇ ಶನಿವಾರ ಆಟಿಯಲ್ಲೇ ಬರುತ್ತದೆ, ನೀವೂ ಬನ್ನಿ. ಚೆನ್ನೆಯ ಒಂದು ಕಾಯಿ ಕಳೆದುಹೋಗಿ ಅದರ ಜಾಗದಲ್ಲಿ ಹುಣಸೆಬೀಜ ಇಟ್ಟಿದ್ದೇವೆ. ನಿಮ್ಮ ಹಿತ್ತಿಲಿನ ಮರದ ಕೆಳಗೆ ಮಂಜೊಟ್ಟಿ ಬಿದ್ದಿರುತ್ತದಲ್ಲ, ಬರುವಾಗ ನಾಲ್ಕು ಹೆಕ್ಕಿ ತನ್ನಿ.