ಹೊಸ ಬಟ್ಟೆ ತಗೊಳೋಕೆ ಮುಂಚೆ

ಬೆಳಗ್ಗೆ ನಮ್ಮ ಬೀದಿ ತುದಿಗೆ ಗಾರ್ಮೆಂಟ್ಸ್ ಬಸ್ ಬರುತ್ತೆ. ಹಾಸನದಲ್ಲಿ ಇರೋರಿಗೆ ಇದೇನು ಹೊಸದಲ್ಲ, ಊಟದ ಬ್ಯಾಗ್ ಹಿಡ್ಕೊಂಡು ಓಡೋ ಹೆಂಗಸರನ್ನ ದಿನಾ ನೋಡ್ತೀವಿ. ಪಕ್ಕದ ಮನೆಯವಳೂ ಅದ್ರಲ್ಲೇ ಹೋಗೋದು, ಎಂಟು ವರ್ಷದಿಂದ ಕಾಲರ್ ಕೂರ್ಸೋ ಕೆಲಸ, ಗಂಟೆಗೆ ಇಷ್ಟು ಪೀಸ್ ಅಂತ ಟಾರ್ಗೆಟ್, ಬಾತ್ರೂಮಿಗೆ ಎದ್ದೋದ್ರೂ ಸೂಪರ್ವೈಸರ್ ಗಡಿಯಾರ ನೋಡ್ತಾನಂತೆ.

ಹೋದ ವರ್ಷ ಹಬ್ಬಕ್ಕೆ ನಾನು ಮಗನಿಗೆ ಮೂರು ಟೀ ಶರ್ಟ್ ತಂದಿದ್ದೆ, ಒಂದಕ್ಕೆ 199. ಅವಳು ಬಂದು ಒಳಮಗ್ಗಲು ತಿರುಗಿಸಿ ಹೊಲಿಗೆ ಮೇಲೆ ಬೆರಳಾಡಿಸಿ, "ಅಕ್ಕಾ, ಬಟ್ಟೆ, ದಾರ, ಇಸ್ತ್ರಿ, ಪ್ಯಾಕಿಂಗು, ಲಾರಿ ಬಾಡಿಗೆ, ಅಂಗಡಿಯವರ ಲಾಭ, ಎಲ್ಲಾ ಸೇರಿ 199 ಅಂದ್ರೆ ಹೊಲಿದೋಳಿಗೆ ಎಷ್ಟು ಸಿಕ್ಕಿರ್ಬೋದು ಹೇಳಿ" ಅಂದ್ಳು. ನನ್ನತ್ರ ಉತ್ತರ ಇರ್ಲಿಲ್ಲ. ಅವತ್ತಿಂದ ಇದು ತಲೇಲಿ ಕೂತುಬಿಟ್ಟಿದೆ.

ಹಾಗಂತ ದುಬಾರಿ ಬ್ರ್ಯಾಂಡ್ ತಗೊಂಡ್ರೆ ಹೊಲಿದೋರಿಗೆ ಜಾಸ್ತಿ ಸಿಗುತ್ತೆ ಅಂತಾನೂ ಇಲ್ಲ. 2013ರ ಏಪ್ರಿಲ್ 24ಕ್ಕೆ ಬಾಂಗ್ಲಾದೇಶದ ಢಾಕಾ ಹತ್ರ ಸಾವರ್‌ನಲ್ಲಿ ಗಾರ್ಮೆಂಟ್ಸ್ ಫ್ಯಾಕ್ಟ್ರಿಗಳಿದ್ದ ರಾಣಾ ಪ್ಲಾಜಾ ಅನ್ನೋ ಎಂಟಂತಸ್ತಿನ ಬಿಲ್ಡಿಂಗ್ ಕುಸಿದು 1,134 ಜನ ಸತ್ರಲ್ಲ, ಅಲ್ಲಿ ಹೊಲೀತಿದ್ದದ್ದು ಯುರೋಪು ಅಮೆರಿಕದ ಹೆಸರಾಂತ ಕಂಪನಿಗಳಿಗೆ. ಹಿಂದಿನ ದಿನಾನೇ ಗೋಡೇಲಿ ಬಿರುಕು ಕಂಡಿತ್ತು, ಕೆಳಗಿದ್ದ ಬ್ಯಾಂಕು ಅಂಗಡಿಗಳು ಬಾಗಿಲು ಹಾಕಿದ್ವು, ಹೊಲಿಯೋರನ್ನ ಮಾತ್ರ ಮಾರನೇ ದಿನ ಒಳಗೆ ಕಳಿಸಿದ್ರು. ಇದನ್ನ ನಾನು ಎಷ್ಟು ಸಲ ಓದಿದ್ರೂ ಹೊಟ್ಟೆ ಕಿವುಚಿದಂಗಾಗುತ್ತೆ, ಯಾಕಂದ್ರೆ ಬ್ಯಾಂಕಿನವರ ಜೀವಕ್ಕೆ ಒಂದು ಬೆಲೆ, ಇವರ ಜೀವಕ್ಕೆ ಇನ್ನೊಂದು ಅಂತ ಅವತ್ತು ಯಾರೋ ಕೂತು ತೀರ್ಮಾನ ಮಾಡಿದ್ರು.

ನಾನೀಗ ಏನು ಮಾಡ್ತಿದೀನಿ ಅಂದ್ರೆ, ಬೇಕೇ ಬೇಕು ಅನ್ನಿಸೋವರೆಗೂ ಹೊಸದು ತಗೊಳಲ್ಲ. ಅಣ್ಣನ ಮಗನ ಯೂನಿಫಾರ್ಮ್ ನಮ್ಮನೆಗೆ ಬರುತ್ತೆ, ಪ್ಯಾಂಟಿನ ಮಡಿಕೆ ಬಿಚ್ಚಿ ಉದ್ದ ಮಾಡಿದ್ರೆ ಒಂದು ವರ್ಷ ಆರಾಮಾಗಿ ನಡೆಯುತ್ತೆ, ನಮ್ಮದು ಚಿಕ್ಕದಾದ್ರೆ ಎದುರು ಮನೆಗೆ. ಹಳೆ ಕಾಟನ್ ಸೀರೆಗಳನ್ನ ಅಮ್ಮ ಒಂದರ ಮೇಲೊಂದು ಹಾಕಿ ಕೈಯಲ್ಲೇ ಹೊಲಿದು ಹೊದಿಕೆ ಮಾಡ್ತಿದ್ರು, ಮಲೆನಾಡು ಕಡೆ ಚಳಿಗೆ ಅದಕ್ಕಿಂತ ಬೆಚ್ಚಗಿರೋದು ಇಲ್ಲ, ಅದನ್ನ ಈಗ ನಾನೂ ಕಲೀತಿದೀನಿ, ಹೊಲಿಗೆ ಇನ್ನೂ ನೇರ ಬರಲ್ಲ. ಮೊದಲೆಲ್ಲ ಹಳೆ ಬಟ್ಟೆ ಕೊಟ್ಟು ಸ್ಟೀಲ್ ಪಾತ್ರೆ ತಗೊಳ್ತಿದ್ವಲ್ಲ, ಆ ಪಾತ್ರೆಯಮ್ಮ ಬಂದ್ರೆ ಚೌಕಾಸಿ ಮಾಡದೆ ಕೊಡ್ತೀನಿ, ಆ ಬಟ್ಟೆ ಇನ್ಯಾರದೋ ಮೈಮೇಲೆ ಮತ್ತೆ ಬಾಳುತ್ತೆ.

ಆದ್ರೆ ಒಂದು ಮಾತು ನನಗೆ ಇನ್ನೂ ಬಗೆಹರಿದಿಲ್ಲ. ಇದನ್ನೆಲ್ಲ ಪಕ್ಕದ ಮನೆಯವಳಿಗೆ ಹೇಳ್ದಾಗ, "ಅಕ್ಕಾ, ಎಲ್ಲಾರೂ ನಿಮ್ಮಂಗೆ ಆದ್ರೆ ನಮ್ಗೆ ಕೆಲ್ಸ ಎಲ್ಲಿರುತ್ತೆ" ಅಂದ್ಳು. ಅವಳು ಹೇಳೋದು ಸುಳ್ಳಲ್ಲ, ಆ ಸಂಬಳದಲ್ಲೇ ಅವಳ ಮಗಳು ಪಿಯುಸಿ ಓದ್ತಿರೋದು. ಅವಳಿಗೆ ಬೇಕಾಗಿರೋದು ಫ್ಯಾಕ್ಟ್ರಿ ಮುಚ್ಚೋದಲ್ಲ, ಟಾರ್ಗೆಟ್ ಕಮ್ಮಿ ಆಗ್ಬೇಕು, ಸಂಬಳ ಜಾಸ್ತಿ ಆಗ್ಬೇಕು. 2016ರ ಏಪ್ರಿಲ್‌ನಲ್ಲಿ ಪಿಎಫ್ ದುಡ್ಡು ಪೂರ್ತಿ ತೆಗಿಯೋಕೆ 58 ವರ್ಷ ಆಗ್ಬೇಕು ಅನ್ನೋ ರೂಲ್ಸ್ ವಿರುದ್ಧ ಬೆಂಗಳೂರಲ್ಲಿ ಗಾರ್ಮೆಂಟ್ಸ್ ಹೆಂಗಸರು ಸಾವಿರಾರು ಜನ ರಸ್ತೆಗೆ ಇಳಿದ್ರು, ಎರಡೇ ದಿನದಲ್ಲಿ ಕೇಂದ್ರ ಸರ್ಕಾರ ಆ ರೂಲ್ಸ್ ವಾಪಸ್ ತಗೊಂತು. ಅದು ಅವರೇ ಗಳಿಸಿಕೊಂಡಿದ್ದು, ನಾನು ಅಂಗಡೀಲಿ ಏನು ತಗೊಂಡೆ ಬಿಟ್ಟೆ ಅನ್ನೋದ್ರಿಂದ ಬಂದಿದ್ದಲ್ಲ. ಅದಕ್ಕೇ ಇಂಥವರು ಸ್ಟ್ರೈಕ್ ಮಾಡಿದ್ರೆ ಟ್ರಾಫಿಕ್ ಜಾಮ್ ಅಂತ ಬೈಯೋದನ್ನ ನಮ್ಮನೇಲಿ ನಿಲ್ಸಿದೀವಿ.

ಮೊನ್ನೆ ನನ್ನ ಎರಡು ಹಳೆ ಚೂಡಿದಾರ್ ಬಿಚ್ಚಿ ತಂಗಿ ಮಗಳಿಗೆ ಫ್ರಾಕ್ ಮಾಡ್ಸೋಕೆ ಸಂತೇಪೇಟೆ ಟೈಲರ್ ಹತ್ರ ಹೋಗಿದ್ದೆ. ಹೊಸ ಫ್ರಾಕೇ ಇದಕ್ಕಿಂತ ಕಮ್ಮಿಗೆ ಸಿಗುತ್ತಲ್ಲಮ್ಮಾ ಅಂದ್ರು ಅವರು. ಸಿಗುತ್ತೆ, ಗೊತ್ತು, ನೀವು ಹೊಲೀರಿ ಅಂತ ಹೇಳಿ ಅವರು ಕೇಳಿದಷ್ಟು ಅಡ್ವಾನ್ಸ್ ಕೊಟ್ಟು ಬಂದೆ, ಗುರುವಾರ ಕೊಡ್ತೀನಿ ಅಂದಿದಾರೆ.