ಆ ಪುಸ್ತಕ ನನಗೇಕೆ ಹಿಡಿಸಲಿಲ್ಲ: ಕೊನೆಯ ಸಲ ಹೇಳುತ್ತಿದ್ದೇನೆ

ಅದು ಇಂಗ್ಲಿಷಿನ ಒಂದು ಡಾರ್ಕ್ ರೋಮ್ಯಾನ್ಸ್ ಕಾದಂಬರಿ. ಅಮೆರಿಕದ ಕಾರ್ನಿವಲ್ ಒಂದರಲ್ಲಿ ನಡೆಯುವ ಕಥೆ. ಮುಖವಾಡದ ನಾಯಕ, ದಾರಿ ತಪ್ಪಿ ಬಂದ ನಾಯಕಿ, ಕನ್ನಡಿಗಳ ಮನೆ, ಸಿಕ್ಕಾಪಟ್ಟೆ ಮಂಜು. ಓದಿ, ನೀರಸ ಎಂದು ನಾಲ್ಕು ಸಾಲು ಬರೆದೆ. ಅಂದಿನಿಂದ ಹಾಸನದಲ್ಲಿ ನನಗೆ ಪರಿಚಯವಿರುವ ಓದುಗರೆಲ್ಲ, ಅಂದರೆ ಏಳು ಜನ, ಕೇಳುವುದು ಒಂದೇ: "ಎಲ್ಲರೂ ಮೆಚ್ಚಿದ್ದು ನಿಮಗೇಕೆ ಹಿಡಿಸಲಿಲ್ಲ?" ಪುಸ್ತಕದ ಹೆಸರು ಹೇಳುವುದಿಲ್ಲ, ಹೇಳಿದರೆ ಇನ್ನೂ ಏಳು ಪ್ರತಿ ಖರ್ಚಾಗುತ್ತದೆ.

ಕೇಳುವುದಕ್ಕೆ ನನ್ನ ತಕರಾರಿಲ್ಲ, ಕೇಳುವ ರೀತಿಗೆ ಇದೆ. ದನಿ ತಗ್ಗಿಸಿ, ಅತ್ತಿತ್ತ ನೋಡಿ, "ಮುಜುಗರವಾಯಿತೇ?" ಎನ್ನುತ್ತಾರೆ. ನನಗೆ ಐವತ್ತೆರಡು ವರ್ಷ, ಎರಡು ಹೆತ್ತಿದ್ದೇನೆ. ಮುಜುಗರವಾಗಿದ್ದರೆ ಕೊಟ್ಟ ದುಡ್ಡಿಗೆ ಅಷ್ಟಾದರೂ ಬಂತು ಎಂದುಕೊಳ್ಳುತ್ತಿದ್ದೆ. ಬಂದದ್ದು ಆಕಳಿಕೆ. ಪುಸ್ತಕದ ಮೊದಲಿಗೆ ಒಂದು ಎಚ್ಚರಿಕೆಯ ಪುಟವಿದೆ: ಅಪಹರಣವಿದೆ, ಚಾಕುವಿದೆ, ರಕ್ತವಿದೆ, ಗಟ್ಟಿ ಮನಸ್ಸಿನವರು ಮಾತ್ರ ಓದಿ ಎಂದು. ನನ್ನ ಎದೆ ಡವಡವ ಎಂದದ್ದು ಆ ಪುಟದಲ್ಲಿ ಮಾತ್ರ.

ಹೋದ ತಿಂಗಳು ನೆಂಟರ ಮನೆಯ ಗೃಹಪ್ರವೇಶ. ಪಂಕ್ತಿಯಲ್ಲಿ ಹೋಳಿಗೆಗೆ ತುಪ್ಪ ಬೀಳುತ್ತಿದ್ದ ಹೊತ್ತಿಗೆ, ಬೆಂಗಳೂರಿನಿಂದ ಬಂದಿದ್ದ ತಂಗಿಯ ಸೊಸೆ ಇದೇ ಪ್ರಶ್ನೆ ತೆಗೆದಳು. ಪಕ್ಕದಲ್ಲಿ ಸೋದರತ್ತೆ. ಅವರ ಕಿವಿ ಮಂದ. ಬೇಕಾದದ್ದು ಮಾತ್ರ ಕೇಳಿಸುತ್ತದೆ. ಯಾವ ಪುಸ್ತಕವೇ ಎಂದರು. ಡಾರ್ಕ್ ರೋಮ್ಯಾನ್ಸ್ ಎಂದರೇನೆಂದು ಎಂಬತ್ತು ದಾಟಿದವರಿಗೆ ಎಲೆಯ ಮುಂದೆ ಹೇಗೆ ವಿವರಿಸುವುದು? "ಕಪ್ಪು ಪ್ರೇಮಕಥೆ ಅತ್ತೆ" ಎಂದೆ.

"ಹುಡುಗ ಕಪ್ಪೇ?"

"ಅಲ್ಲ, ಕೆಟ್ಟವನು. ಆದರೂ ಹುಡುಗಿಗೆ ಇಷ್ಟ."

"ಅದರಲ್ಲೇನು ಹೊಸದು? ಹುಡುಗ ಏನು ಮಾಡಿಕೊಂಡಿದ್ದಾನೆ?"

ಮುರಿದ ಹೋಳಿಗೆ ಕೈಯಲ್ಲೇ ಉಳಿಯಿತು. ಆ ಏಳು ಜನರಲ್ಲಿ ಒಬ್ಬರಾದರೂ ಕೇಳಬೇಕಿದ್ದ ಪ್ರಶ್ನೆ ಇದು. ಹುಡುಗ ಏನೂ ಮಾಡಿಕೊಂಡಿಲ್ಲ! ನಾನೂರು ಪುಟ ಕಾರ್ನಿವಲ್‌ನ ಒಡೆಯನಾಗಿ ಮೆರೆದವನು ಒಂದು ಬೋಲ್ಟು ಬಿಗಿಯಿದೆಯೇ ಎಂದು ಮುಟ್ಟಿ ನೋಡುವುದಿಲ್ಲ. ಜನರೇಟರಿಗೆ ಡೀಸೆಲ್ ಹಾಕುವವರಿಲ್ಲ, ಟಿಕೆಟ್ ಹರಿಯುವವರಿಲ್ಲ. ಜೈಂಟ್ ವೀಲ್ ಇರುವುದು ತುದಿಯಲ್ಲಿ ನಿಂತಾಗ ಮುತ್ತು ಕೊಡಲಿಕ್ಕೆ. 1893ರಲ್ಲಿ ಶಿಕಾಗೊದ ಮೇಳದಲ್ಲಿ ಫೆರಿಸ್ ಎಂಬ ಎಂಜಿನಿಯರ್ ನಿಲ್ಲಿಸಿದ ಮೊದಲ ಚಕ್ರ 264 ಅಡಿ ಎತ್ತರವಿತ್ತು. ಅದರ 36 ತೊಟ್ಟಿಲುಗಳಲ್ಲಿ ಒಂದೊಂದೂ 60 ಜನರನ್ನು ಹಿಡಿಯುತ್ತಿತ್ತು. ಮುತ್ತಿಗೆ ಎಲ್ಲಿಯ ಏಕಾಂತ?

ನಾನು ಹೈಸ್ಕೂಲಿನಲ್ಲಿದ್ದಾಗ ಊರಿಗೆ ಸಾವಿನ ಬಾವಿ ಬಂದಿತ್ತು. ಹಾಸನಾಂಬೆಯ ಬಾಗಿಲು ತೆರೆಯುವುದು ವರ್ಷಕ್ಕೊಮ್ಮೆ, ಆಶ್ವಯುಜದಲ್ಲಿ. ದರ್ಶನದ ಸಾಲಿನಲ್ಲಿ ನಿಂತು ಬಾಡಿಹೋಗಿದ್ದ ನಮ್ಮನ್ನು ಅಪ್ಪ ಅಲ್ಲಿಗೆ ಕರೆದುಕೊಂಡು ಹೋದರು. ಹಲಗೆ ಜೋಡಿಸಿದ ದೈತ್ಯ ಪೀಪಾಯಿ. ಮೇಲಿನ ಅಂಚಿನಲ್ಲಿ ನಿಂತು ಒಳಗೆ ಬಗ್ಗಿ ನೋಡಬೇಕು. ಬೈಕು ತಳದ ಇಳಿಜಾರಿನಲ್ಲಿ ಎರಡು ಸುತ್ತು ಹಾಕಿ ಗೋಡೆ ಹತ್ತಿತು. ವೇಗವಿರುವಷ್ಟು ಹೊತ್ತು ಗೋಡೆ ಟೈರನ್ನು ಒತ್ತುತ್ತದೆ, ಟೈರಿನ ಹಿಡಿತ ಸವಾರನನ್ನು ಎತ್ತಿ ಹಿಡಿಯುತ್ತದೆ. ವೇಗ ಇಳಿದರೆ ಅವನೂ ಇಳಿದ. ನಾನು ಹಿಡಿದಿದ್ದ ಕಟಕಟೆ ನಡುಗುತ್ತಿತ್ತು. ಬೈಕು ಹಾಯ್ದಾಗಲೆಲ್ಲ ಹಲಗೆಗಳ ಸಂದು ತೆರೆದು ಮುಚ್ಚುತ್ತಿತ್ತು. ನಾನು ಚಾಚಿದ್ದ ಎರಡು ರೂಪಾಯಿಯ ನೋಟನ್ನು ಸವಾರ ಸರಕ್ಕನೆ ಕಿತ್ತುಕೊಂಡು ಹೋದ. ನನ್ನ ಬೆರಳಿಗೆ ಗ್ರೀಸು ಅಂಟಿತು.

ಆಟ ಮುಗಿದ ಮೇಲೆ ಹಿಂದುಗಡೆ ಹೋಗಿ ಇಣುಕಿದೆ. ಕುಕ್ಕರಗಾಲಿನಲ್ಲಿ ಕೂತು ಚೈನಿಗೆ ಎಣ್ಣೆ ಬಿಡುತ್ತಿದ್ದ. ಒಂದೊಂದು ಕೊಂಡಿಯನ್ನೂ ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದ. ನನ್ನತ್ತ ತಿರುಗಲೂ ಇಲ್ಲ. ಆ ರಾತ್ರಿ ಅಮ್ಮ ಸೀಮೆಎಣ್ಣೆ ಹಾಕಿ ನನ್ನ ಬೆರಳು ಉಜ್ಜಿದಾಗ ಅತ್ತುಬಿಟ್ಟೆ. ಉರಿ ಎಂದು ಸುಳ್ಳು ಹೇಳಿದೆ.

ಈ ಆಟ ಹುಟ್ಟಿದ್ದೇ ಅಮೆರಿಕದ ಮೇಳಗಳಲ್ಲಿ, 1911ರ ಸುಮಾರಿಗೆ. ಅಲ್ಲಿ ಅದನ್ನು ಮೋಟರ್‌ಡ್ರೋಮ್ ಎನ್ನುತ್ತಿದ್ದರು. ನಮ್ಮ ಲೇಖಕಿಯ ಕಣ್ಣಿಗೆ ಅದು ಬೀಳಲಿಲ್ಲ. ಮಂಜು ಜಾಸ್ತಿಯಿತ್ತೇನೋ.

ಸೋದರತ್ತೆಗೆ ಉತ್ತರ ಬಾಕಿಯಿತ್ತಲ್ಲ. "ಸ್ವಂತ ಕಾರ್ನಿವಲ್ ಇದೆ ಅತ್ತೆ. ನಮ್ಮ ಜಾತ್ರೆ ಇದ್ದ ಹಾಗೆ" ಎಂದೆ.

ಅವರು ಪಾಯಸಕ್ಕೆ ದೊನ್ನೆ ಮುಂದೆ ಸರಿಸಿದರು. "ಮಳೆಗಾಲದಲ್ಲಿ ಏನು ಮಾಡುತ್ತಾನಂತೆ?"