ಸಹಿ ಯಾರದು? ಗ್ರಂಥಾಲಯ ಆಡಳಿತದ ಪಾಠಗಳ ನೆನಪು

2006ರಿಂದ 2008ರವರೆಗೆ ನಾನು ಈ ವಿಭಾಗದಲ್ಲಿ ಗ್ರಂಥಾಲಯ ಮತ್ತು ಮಾಹಿತಿ ವಿಜ್ಞಾನದ ಸ್ನಾತಕೋತ್ತರ ವಿದ್ಯಾರ್ಥಿಯಾಗಿದ್ದೆ. ಗ್ರಂಥಾಲಯ ಆಡಳಿತದ ಪತ್ರಿಕೆಯನ್ನು ನಮಗೆ ಪಾಠ ಮಾಡಿದ ಪ್ರಾಧ್ಯಾಪಕಿ ಈಗ ನಿವೃತ್ತರಾಗಿದ್ದಾರೆ. ಹೆಸರು ಹಾಕಿ ಹೊಗಳುವುದು ಅವರಿಗೆ ಎಂದೂ ಹಿಡಿಸುತ್ತಿರಲಿಲ್ಲವಾದ್ದರಿಂದ ಈ ಬರಹದಲ್ಲಿ ನಾನು ಅವರನ್ನು ಮೇಡಂ ಎಂದಷ್ಟೇ ಕರೆಯುತ್ತೇನೆ; ಅವರ ಪಾಠ ಕೇಳಿದವರಿಗೆ ಅಷ್ಟು ಸಾಕು.

ಆಗ ನಮ್ಮಲ್ಲಿ ಆ ಪತ್ರಿಕೆ ಬಾಯಿಪಾಠ ಮಾಡಿ ಅಂಕ ಪಡೆಯುವ ಪತ್ರಿಕೆಯೆಂದೇ ಹೆಸರಾಗಿತ್ತು. ಆಡಳಿತ ಚಿಂತಕ ಹೆನ್ರಿ ಫೆಯೋಲ್ ಹೇಳಿದ ನಿರ್ವಹಣೆಯ 14 ತತ್ವಗಳು, 1937ರಲ್ಲಿ ಇನ್ನೊಬ್ಬ ಚಿಂತಕ ಲೂಥರ್ ಗುಲಿಕ್ ರೂಪಿಸಿದ ಪೋಸ್ಡ್‌ಕಾರ್ಬ್ ಸೂತ್ರ, ಅದರೊಳಗಿನ ಯೋಜನೆ, ಸಂಘಟನೆ, ಸಿಬ್ಬಂದಿ, ನಿರ್ದೇಶನ, ಸಮನ್ವಯ, ವರದಿ ಮತ್ತು ಆಯವ್ಯಯ ಎಂಬ ಏಳು ಕೆಲಸಗಳು, ಇವಿಷ್ಟನ್ನು ಕಂಠಸ್ಥ ಮಾಡಿದರೆ ಪರೀಕ್ಷೆ ದಾಟಬಹುದೆಂದು ಹಿರಿಯ ವಿದ್ಯಾರ್ಥಿಗಳು ನಮಗೆ ಹೇಳಿಕೊಟ್ಟಿದ್ದರು. ಮೇಡಂ ಇವೆಲ್ಲವನ್ನೂ ಮೂರೇ ತರಗತಿಗಳಲ್ಲಿ ಮುಗಿಸಿದರು. ನಾಲ್ಕನೆಯ ತರಗತಿಗೆ ಬರುವಾಗ ಅವರ ಕೈಯಲ್ಲಿ ಕಚೇರಿಯಲ್ಲಿ ಬಳಸುವ ಹಸಿರು ಟಿಪ್ಪಣಿ ಹಾಳೆಗಳ ಒಂದು ಕಟ್ಟು ಇತ್ತು. ಪ್ರತಿಯೊಬ್ಬರಿಗೂ ನಾಲ್ಕು ಹಾಳೆ ಕೊಟ್ಟು, ಆ ದಿನದಿಂದ ನಾವು ತರಗತಿಯಲ್ಲಿ ಕೊಡುವ ಉತ್ತರಗಳೆಲ್ಲ ಕಡತದಲ್ಲಿ ಮಂಡಿಸುವ ಟಿಪ್ಪಣಿಯ ರೂಪದಲ್ಲೇ ಇರಬೇಕೆಂದೂ, ವಿಷಯ, ಹಿನ್ನೆಲೆ, ನಿಯಮ, ಖರ್ಚು, ಶಿಫಾರಸು ಎಲ್ಲವೂ ಒಂದೂವರೆ ಪುಟದೊಳಗೆ ಬಂದು, ಕೊನೆಯಲ್ಲಿ ದಿನಾಂಕದೊಂದಿಗೆ ಸಹಿ ಇರಬೇಕೆಂದೂ ಹೇಳಿದರು.

ಮೊದಲ ಅಭ್ಯಾಸ ನನ್ನ ಪಾಲಿಗೆ ಬಂದಿತ್ತು. ನಾನು ವಿಶ್ವವಿದ್ಯಾಲಯವೊಂದರ ಗ್ರಂಥಪಾಲಕ. ನಿಯತಕಾಲಿಕಗಳಿಗೆ ಇರುವ ಹಣ ಆರು ಲಕ್ಷ ರೂಪಾಯಿ. ಚಂದಾ ಡಾಲರಿನಲ್ಲಿ, ಮುಂಗಡವಾಗಿ ಕಟ್ಟಬೇಕು. ಹಿಂದಿನ ವರ್ಷ ತರಿಸುತ್ತಿದ್ದ ಪತ್ರಿಕೆಗಳನ್ನೆಲ್ಲ ಮುಂದುವರಿಸಿದರೆ ಎಂಟು ಲಕ್ಷ ಬೇಕು. ನನ್ನ ಸಹಪಾಠಿಗಳಲ್ಲಿ ಒಬ್ಬಳು ಭೌತವಿಜ್ಞಾನದ ಮುಖ್ಯಸ್ಥೆಯಾದಳು, ಒಬ್ಬ ಹಣಕಾಸು ಅಧಿಕಾರಿಯಾದ, ಇನ್ನೊಬ್ಬ ಕನ್ನಡ ಅಧ್ಯಯನದ ಸಂಶೋಧನಾ ವಿದ್ಯಾರ್ಥಿಯಾದ. ಅವರೆಲ್ಲ ಒಬ್ಬರಾದ ಮೇಲೊಬ್ಬರು ವಾದಿಸಿದ ಮೇಲೆ ನಾನು, ಗ್ರಂಥಾಲಯ ಸಮಿತಿಯ ಮುಂದಿಟ್ಟು ಸಮಿತಿಯ ತೀರ್ಮಾನದಂತೆ ನಡೆಯುವುದಾಗಿ ಬರೆದು ಕುಳಿತೆ. ಅದೇ ಸುರಕ್ಷಿತವಾದ ಉತ್ತರವೆಂದು ನನಗೆ ನಂಬಿಕೆಯಿತ್ತು. ಮೇಡಂ ಹಾಳೆಯನ್ನು ಓದಿ, ಧ್ವನಿ ಏರಿಸದೆ ಕೇಳಿದರು: "ಸಮಿತಿ ಸಲಹೆ ಕೊಡುತ್ತದೆ. ಚಂದಾ ಬಿಲ್ಲಿನ ಮೇಲೆ ಸಹಿ ಯಾರದು?"

ನನ್ನದೇ ಎಂದು ಒಪ್ಪಿಕೊಂಡ ಮೇಲೆ ಅವರು ಮುಂದಿನ ಪ್ರಶ್ನೆಗೆ ಬಂದರು. ಯಾವ ಪತ್ರಿಕೆ ಬಿಡಬೇಕೆಂದು ಹೇಳಲು ನನ್ನ ಬಳಿ ಏನಿದೆ? ಏನೂ ಇರಲಿಲ್ಲ. ಆಗ ಅವರು ಹೇಳಿಕೊಟ್ಟ ಉಪಾಯ ತೀರ ಸರಳವಾದದ್ದು. ಓದುಗರು ಮೇಜಿನ ಮೇಲೆ ಬಿಟ್ಟುಹೋದ ಸಂಚಿಕೆಯನ್ನು ಅಟೆಂಡರ್ ಸಂಜೆ ಮತ್ತೆ ರ‍್ಯಾಕಿಗೆ ಇಡುವಾಗ, ಆ ಪತ್ರಿಕೆಯ ಹೆಸರಿನ ಮುಂದೆ ಪೆನ್ಸಿಲಿನಿಂದ ಒಂದು ಗೀಟು ಎಳೆಯುವುದು. ಎರಡು ತಿಂಗಳು ಹೀಗೆ ಮಾಡಿದರೆ, ಯಾರ ದನಿ ದೊಡ್ಡದು ಎಂಬುದರ ಬದಲು ಯಾವ ಪತ್ರಿಕೆ ಓದುಗರ ಕೈಗೆ ಹೋಗುತ್ತಿದೆ ಎಂಬುದು ಕಾಣತೊಡಗುತ್ತದೆ. ಆದರೆ ಗೀಟುಗಳನ್ನು ಕೂಡಿಸಿದ ಕೂಡಲೇ ನಿರ್ಧಾರ ಆಯಿತೆಂದು ತಿಳಿಯಬಾರದೆಂದೂ ಅವರು ಎಚ್ಚರಿಸಿದರು. ವರ್ಷಕ್ಕೆ ಎರಡೇ ಗೀಟು ಬಿದ್ದ ಪತ್ರಿಕೆ ಒಬ್ಬ ಸಂಶೋಧಕನ ಇಡೀ ಪ್ರಬಂಧಕ್ಕೆ ಆಧಾರವಾಗಿರಬಹುದು, ಅವನನ್ನು ಕರೆದು ಕೇಳದೆ ಅದನ್ನು ನಿಲ್ಲಿಸುವಂತಿಲ್ಲ. ಲೆಕ್ಕ ಮತ್ತು ಮಾತುಕತೆ ಎರಡೂ ಮುಗಿದ ಮೇಲೆ, ಬೇಸರವಾಗುವವರಿಗೆ ಕಾರಣವನ್ನು ಮುಂಚಿತವಾಗಿ, ಖುದ್ದಾಗಿ ಹೋಗಿ ಹೇಳಿ ಬರಬೇಕು. ಸುತ್ತೋಲೆಯಿಂದ ತಿಳಿಸುವ ವಿಷಯ ಅದಲ್ಲ ಎನ್ನುತ್ತಿದ್ದರು.

ಒಂದು ವಾರ ಎಲ್ಲರೂ ತಂತಮ್ಮ ಮನೆಯ ಕಂದಾಯದ ರಶೀದಿ ತರಬೇಕೆಂದು ಹೇಳಿದರು. ಬಾಡಿಗೆ ಮನೆಯಲ್ಲಿದ್ದ ನಾನು ಮಾಲೀಕರ ರಶೀದಿಯ ಜೆರಾಕ್ಸ್ ತಂದೆ. 1965ರ ಸಾರ್ವಜನಿಕ ಗ್ರಂಥಾಲಯಗಳ ಅಧಿನಿಯಮದ ಪ್ರಕಾರ ನಮ್ಮ ರಾಜ್ಯದಲ್ಲಿ ಆಸ್ತಿ ತೆರಿಗೆಯ ಮೇಲೆ ರೂಪಾಯಿಗೆ 6 ಪೈಸೆಯಂತೆ ಗ್ರಂಥಾಲಯ ಕರ ಸೇರುತ್ತದೆ. ಐದು ಸಾವಿರ ತೆರಿಗೆ ಕಟ್ಟುವ ಮನೆಯಿಂದ ಮುನ್ನೂರು ರೂಪಾಯಿ. ಸೆಸ್ ಎಂಬ ಒಂದೇ ಸಾಲಿನೊಳಗೆ ಆರೋಗ್ಯ ಕರ, ಭಿಕ್ಷುಕರ ಕರಗಳ ಜೊತೆ ಅಡಗಿರುವ ಆ ಮೊತ್ತವನ್ನು ಲೆಕ್ಕ ಹಾಕಿ ಬೇರ್ಪಡಿಸುವವರೆಗೆ, ನಮ್ಮಲ್ಲಿ ಯಾರಿಗೂ ತಮ್ಮ ಮನೆಯವರು ಗ್ರಂಥಾಲಯಕ್ಕೆ ಹಣ ಕೊಡುತ್ತಿದ್ದಾರೆಂಬ ಅರಿವೇ ಇರಲಿಲ್ಲ. ಹಣ ಸಂಗ್ರಹಿಸುವುದು ಸ್ಥಳೀಯ ಸಂಸ್ಥೆ, ವೆಚ್ಚ ಮಾಡುವುದು ಗ್ರಂಥಾಲಯ ಪ್ರಾಧಿಕಾರ. ಈ ಎರಡು ಕೈಗಳ ನಡುವೆ ಪತ್ರ ಬರೆಯುತ್ತ, ಲೆಕ್ಕ ಒಪ್ಪಿಸುತ್ತ ನಿಲ್ಲಬೇಕಾದವರು ಗ್ರಂಥಾಲಯ ಇಲಾಖೆಯ ನಿರ್ದೇಶಕರು. ಮರುವಾರವೇ ನಮ್ಮನ್ನು ಕಬ್ಬನ್ ಪಾರ್ಕಿನ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದಲ್ಲಿರುವ ರಾಜ್ಯ ಕೇಂದ್ರ ಗ್ರಂಥಾಲಯಕ್ಕೆ ಕರೆದುಕೊಂಡು ಹೋದರು. 1915ರಿಂದ ಓದುಗರಿಗೆ ಬಾಗಿಲು ತೆರೆದಿರುವ ಆ ಕೆಂಪು ಕಟ್ಟಡದ ಚೆಲುವನ್ನು ನೋಡಲು ಹತ್ತು ನಿಮಿಷ ಕೊಟ್ಟು, ಉಳಿದ ಎರಡು ಗಂಟೆ ಕಪಾಟುಗಳ ಕಡೆ ತಿರುಗದೆ ಬರೀ ಓದುಗರನ್ನು ಗಮನಿಸಿ ಬರೆಯಲು ಹೇಳಿದರು. ಯಾರು ಎಷ್ಟು ಹೊತ್ತಿಗೆ ಬಂದರು, ಯಾರನ್ನು ಏನು ಕೇಳಿದರು, ಉತ್ತರ ಸಿಗಲು ಎಷ್ಟು ನಿಮಿಷ ಹಿಡಿಯಿತು. ನನ್ನ ಹಾಳೆಯಲ್ಲಿ ಕಿಟಕಿಯ ಬೆಳಕಿಗೆ ಮುಖಮಾಡಿ ದಿನಪತ್ರಿಕೆ ಓದುತ್ತಿದ್ದ ಹಿರಿಯರೊಬ್ಬರು, ಟಿಫಿನ್ ಡಬ್ಬಿ ಪಕ್ಕಕ್ಕಿಟ್ಟುಕೊಂಡು ಕೆಎಎಸ್ ಪರೀಕ್ಷೆಗೆ ಓದುತ್ತಿದ್ದ ಇಬ್ಬರು ತರುಣರು ಇದ್ದರು. ಮರಳಿ ಬಂದ ಮೇಲೆ, ಅವರ ಬೆಳಕು, ಕುರ್ಚಿ, ಕುಡಿಯುವ ನೀರು ಇವು ಯಾವ ಲೆಕ್ಕಶೀರ್ಷಿಕೆಯಲ್ಲಿ ಬರುತ್ತವೆ ಎಂದು ಕೇಳಿದಾಗ ಒಬ್ಬರಿಗೂ ಉತ್ತರ ಗೊತ್ತಿರಲಿಲ್ಲ.

ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹರೆನಿಸಿದ ರಂಗನಾಥನ್ ಅವರ ವಿಷಯವನ್ನೂ ಮೇಡಂ ಇದೇ ದೃಷ್ಟಿಯಿಂದ ಹೇಳುತ್ತಿದ್ದರು. 1957ರಲ್ಲಿ ಬೆಂಗಳೂರಿಗೆ ಬಂದು ನೆಲೆಸಿ, 1962ರಲ್ಲಿ ದಾಖಲೀಕರಣದ ಸಂಶೋಧನೆ ಮತ್ತು ತರಬೇತಿ ಕೇಂದ್ರವಾದ ಡಿಆರ್‌ಟಿಸಿಯನ್ನು ಇಲ್ಲೇ ಸ್ಥಾಪಿಸಿ, 1972ರಲ್ಲಿ ಇಲ್ಲೇ ಕಣ್ಣುಮುಚ್ಚಿದ ಅವರು ನಮ್ಮೂರಿನ ಗ್ರಂಥಾಲಯ ವಿದ್ಯಾರ್ಥಿಗಳಿಗೆ ಮನೆಯ ಹಿರಿಯರಿದ್ದಂತೆ. ಗಣಿತದ ಅಧ್ಯಾಪಕರಾಗಿದ್ದ ರಂಗನಾಥನ್ 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾಗಿ ಅಧಿಕಾರ ವಹಿಸಿಕೊಂಡ ಕೆಲವೇ ದಿನಗಳಲ್ಲಿ ಬೇಸತ್ತು, ಮತ್ತೆ ಪಾಠಕ್ಕೆ ಕಳುಹಿಸಿ ಎಂದು ಕೇಳಿಕೊಂಡಿದ್ದರು. ಲಂಡನ್ನಿಗೆ ಹೋಗಿ ಅಲ್ಲಿನ ಗ್ರಂಥಾಲಯಗಳು ನಡೆಯುವ ರೀತಿಯನ್ನು ನೋಡಿ ಬಂದ ಮೇಲೆ ಅದೇ ಹುದ್ದೆಯಲ್ಲಿ ಸುಮಾರು ಎರಡು ದಶಕ ದುಡಿದರು. 1931ರಲ್ಲಿ ಪ್ರಕಟವಾದ ಅವರ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳಲ್ಲಿ ನಾಲ್ಕನೆಯದಾದ "ಓದುಗನ ಸಮಯ ಉಳಿಸಿ" ಎಂಬುದನ್ನು ಮೇಡಂ ನಿರ್ವಹಣೆಯ ಸೂತ್ರವೆಂದೇ ಪಾಠ ಮಾಡಿದರು. ಪಾಳಿಯ ಪಟ್ಟಿ ಹಾಕುವಾಗ, ರಜೆ ಮಂಜೂರು ಮಾಡುವಾಗ, ಕೌಂಟರಿನ ಸ್ಥಳ ಬದಲಿಸುವಾಗ ಯಾರು ಎಷ್ಟು ಹೊತ್ತು ಕಾಯಬೇಕಾಗುತ್ತದೆ ಎಂಬುದನ್ನು ಟಿಪ್ಪಣಿಯಲ್ಲಿ ಒಂದು ಸಾಲಾದರೂ ಬರೆಯದಿದ್ದರೆ ಹಾಳೆಯನ್ನು ಹಿಂದಿರುಗಿಸುತ್ತಿದ್ದರು.

ಇಷ್ಟೆಲ್ಲ ಕಲಿತೂ ನಾನು ದೊಡ್ಡದೊಂದು ತಪ್ಪು ಮಾಡಿದೆ. 2011ರಲ್ಲಿ ನಗರದ ಪದವಿ ಕಾಲೇಜೊಂದರ ಗ್ರಂಥಾಲಯದ ಹೊಣೆ ವಹಿಸಿಕೊಂಡ ಮೊದಲ ಬೇಸಿಗೆ ರಜೆಯಲ್ಲಿ ಸುಮಾರು 18,000 ಪುಸ್ತಕಗಳ ದಾಸ್ತಾನು ಪರಿಶೀಲನೆ ನಡೆಸಿದೆ. ಬಂದ ಪುಸ್ತಕಗಳನ್ನೆಲ್ಲ ದಾಖಲಿಸುವ ಅಕ್ಸೆಷನ್ ರಿಜಿಸ್ಟರಿಗೆ ತಾಳೆ ನೋಡಿದಾಗ 214 ಪುಸ್ತಕಗಳು ಸಿಗಲಿಲ್ಲ. ನಾನು ಗಾಬರಿಯಾದೆ. ಆಡಿಟ್ ಆಕ್ಷೇಪಣೆ ಬಂದೀತೆಂಬ ಭಯದಲ್ಲಿ, ಅಲ್ಲಿ 27 ವರ್ಷಗಳಿಂದ ಕೆಲಸ ಮಾಡುತ್ತಿದ್ದ ಹಿರಿಯ ಅಟೆಂಡರ್ ಅವರಿಗೆ ವಿವರಣೆ ಕೇಳಿ ನೋಟಿಸ್ ಬರೆದು, ಉಳಿದ ಸಿಬ್ಬಂದಿಯ ಎದುರಿನಲ್ಲೇ ಕೈಗೆ ಕೊಟ್ಟೆ. ಅವರು ಅದನ್ನು ಓದಿ, ನಾಲ್ಕು ಮಡಿಕೆ ಮಾಡಿ ಜೇಬಿನಲ್ಲಿಟ್ಟುಕೊಂಡು ಹೇಳಿದ್ದು ಇಷ್ಟು: "ಸಾರ್, ಯಾವ ಪುಸ್ತಕ ಎಲ್ಲಿ ಹೋಗಿದೆ ಅಂತ ನನ್ನನ್ನು ಒಂದು ಮಾತು ಕೇಳಬಹುದಿತ್ತು."

ಆ ರಾತ್ರಿ ಮೇಡಂ ಅವರಿಗೆ ಫೋನ್ ಮಾಡಿದೆ. ಅವರು ಬಯ್ಯಲಿಲ್ಲ. ಕೇಂದ್ರ ಸರ್ಕಾರದ ಸಾಮಾನ್ಯ ಹಣಕಾಸು ನಿಯಮಗಳಲ್ಲಿ ಗ್ರಂಥಾಲಯಕ್ಕೆಂದೇ ಇರುವ ನಿಯಮವನ್ನು ತರಗತಿಯಲ್ಲಿ ಓದಿಸಿದ್ದನ್ನು ನೆನಪಿಸಿದರು. ವರ್ಷದಲ್ಲಿ ಎರವಲು ಹೋದ ಮತ್ತು ಪರಾಮರ್ಶೆಗೆ ಬಳಕೆಯಾದ ಪ್ರತಿ 1,000 ಪುಸ್ತಕಗಳಿಗೆ 5ರಷ್ಟು ನಷ್ಟವನ್ನು, ಅದು ಅಪ್ರಾಮಾಣಿಕತೆಯಿಂದಲೋ ನಿರ್ಲಕ್ಷ್ಯದಿಂದಲೋ ಆದದ್ದಲ್ಲವಾದರೆ, ಸಹಜವೆಂದು ಆ ನಿಯಮ ಒಪ್ಪುತ್ತದೆ. 1,000 ರೂಪಾಯಿಗಿಂತ ಹೆಚ್ಚು ಬೆಲೆಯ ಪುಸ್ತಕ ಮತ್ತು ಬೆಲೆ ಎಷ್ಟೇ ಇರಲಿ ಅಪರೂಪದ ಪುಸ್ತಕ ಕಾಣೆಯಾದರೆ ಮಾತ್ರ ತನಿಖೆ ತಪ್ಪಿದ್ದಲ್ಲ. 2017ರ ಪರಿಷ್ಕೃತ ನಿಯಮಾವಳಿಯಲ್ಲಿ ಅದೇ 215ನೆಯ ನಿಯಮವಾಗಿ ಮುಂದುವರಿದಿದೆ. ನಮ್ಮ ಕಾಲೇಜಿಗೆ ಅದು ನೇರವಾಗಿ ಅನ್ವಯಿಸದಿದ್ದರೂ ಅಳತೆಗೋಲಾಗಿ ಇಟ್ಟುಕೊಳ್ಳಬಹುದಿತ್ತು. ನಾನು ಅಳೆಯುವ ಮೊದಲೇ ಆರೋಪಿಸಿದ್ದೆ. "ನೋಟಿಸ್ ಕೊಟ್ಟದ್ದು ಎಲ್ಲರ ಎದುರಿಗೋ?" ಎಂದು ಕೇಳಿದರು. ಹೌದೆಂದೆ. "ಹಾಗಾದರೆ ವಾಪಸ್ ಪಡೆಯುವುದೂ ಎಲ್ಲರ ಎದುರಿಗೇ ಆಗಲಿ. ಕಡತದಲ್ಲೂ ಬರೆಯಿರಿ, ಸಹಿ ಹಾಕಿ."

ಮರುದಿನ ಹಾಗೆಯೇ ಮಾಡಿದೆ. ನೋಟಿಸನ್ನು ಹಿಂಪಡೆದಿರುವುದಾಗಿಯೂ ವಿಚಾರಿಸದೆ ಕೊಟ್ಟದ್ದು ನನ್ನ ತಪ್ಪೆಂದೂ ಟಿಪ್ಪಣಿ ಬರೆದು, ಸಿಬ್ಬಂದಿಯ ಎದುರಿನಲ್ಲಿ ಓದಿ, ಸಹಿ ಹಾಕಿದೆ. ಆಮೇಲೆ ಆ ಹಿರಿಯರೇ ಕಪಾಟಿನ ಮೇಲಿಂದ ಒಂದು ಹಳೆಯ ನೋಟ್‌ಬುಕ್ ಇಳಿಸಿದರು. ವಿಭಾಗಗಳ ಮುಖ್ಯಸ್ಥರು ವರ್ಷಗಳ ಹಿಂದೆ ಸಹಿ ಹಾಕಿ ತಮ್ಮ ಕೊಠಡಿಯ ಬೀರುಗಳಿಗೆ ಒಯ್ದ 121 ಪುಸ್ತಕಗಳ ಲೆಕ್ಕ ಅದರಲ್ಲಿತ್ತು. 18 ಪುಸ್ತಕಗಳು ಬೈಂಡಿಂಗಿಗೆ ಹೋಗಿದ್ದವು. ಎರಡು ವಾರ ಸಾಲು ಸಾಲಾಗಿ ಕಪಾಟು ಸರಿಪಡಿಸಿದಾಗ ತಪ್ಪು ಜಾಗದಲ್ಲಿದ್ದ 58 ಸಿಕ್ಕವು. ನಿಜವಾಗಿ ಕಳೆದದ್ದು 17. ವರ್ಷಕ್ಕೆ ಸುಮಾರು 9,000 ಪುಸ್ತಕಗಳು ಬಳಕೆಯಾಗುತ್ತಿದ್ದ ನಮ್ಮಲ್ಲಿ ಆ ನಿಯಮದ ಲೆಕ್ಕದಲ್ಲಿ 45ರವರೆಗೆ ಸಹಜ. ಸಾವಿರಕ್ಕೆ ಮೀರಿದ ಬೆಲೆಯವು ಎರಡಿದ್ದವು, ಅವುಗಳ ಬಗ್ಗೆ ವಿಚಾರಣೆ ನಡೆಸಿ ಒಂದನ್ನು ಮರಳಿ ಪಡೆದೆವು. ಅವರು ನಿವೃತ್ತರಾಗುವವರೆಗೂ ಪ್ರತಿ ವರ್ಷದ ಪರಿಶೀಲನೆಯ ಯೋಜನೆಯನ್ನು ನಾವಿಬ್ಬರೂ ಕುಳಿತು ಮಾಡಿದೆವು. ಆದರೂ ಆ ನೋಟಿಸ್ ಕೊಟ್ಟ ಬೆಳಿಗ್ಗೆಯನ್ನು ನೆನೆದರೆ ನನಗೆ ಇಂದಿಗೂ ಸಂಕಟವಾಗುತ್ತದೆ.

ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಮೌಲ್ಯಮಾಪನದ ಏಳು ಮಾನದಂಡಗಳಲ್ಲಿ ಗ್ರಂಥಾಲಯ ಬರುತ್ತಿದ್ದದ್ದು ಮೂಲಸೌಕರ್ಯದ ನಾಲ್ಕನೆಯದರಲ್ಲಿ. ಆಡಳಿತ, ನಾಯಕತ್ವ ಮತ್ತು ನಿರ್ವಹಣೆ ಆರನೆಯದರಲ್ಲಿ. ಗ್ರಂಥಪಾಲಕರು ತಮ್ಮನ್ನು ನಾಲ್ಕನೆಯದರಲ್ಲೇ ಇರಿಸಿಕೊಂಡು ಕಪಾಟು, ಕಂಪ್ಯೂಟರುಗಳ ಸಂಖ್ಯೆ ಒಪ್ಪಿಸಿ ಸುಮ್ಮನಾಗುತ್ತಾರೆಂಬುದು ಮೇಡಂ ಅವರ ಕೊರಗಾಗಿತ್ತು, ಈಗ ಅದು ನನ್ನದೂ ಆಗಿದೆ. ನಮ್ಮಲ್ಲಿಗೆ ತರಬೇತಿಗೆ ಬರುವ ಬೇರೆ ಬೇರೆ ಕಡೆಯ ವಿದ್ಯಾರ್ಥಿಗಳು ಕೋಹಾ, ಡಿಸ್ಪೇಸ್ ಎಂಬ ಗ್ರಂಥಾಲಯ ತಂತ್ರಾಂಶಗಳನ್ನು ನನಗಿಂತ ಚುರುಕಾಗಿ ಬಳಸುತ್ತಾರೆ. ಟಿಪ್ಪಣಿ ಹಾಳೆಯನ್ನು ಮಾತ್ರ ಅವರಲ್ಲಿ ಹೆಚ್ಚಿನವರು ನೋಡಿಯೇ ಇರುವುದಿಲ್ಲ. 2024ರ ನವೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ಒಂದು ರಾಷ್ಟ್ರ ಒಂದು ಚಂದಾ ಯೋಜನೆಯಿಂದ, ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ವೆಚ್ಚದಲ್ಲಿ, ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಸುಮಾರು 13,000 ಪತ್ರಿಕೆಗಳು ದೊರೆಯುವಂತಾಗಿರುವುದರಿಂದ ನನ್ನ ಕಾಲದ ಆರು ಲಕ್ಷದ ಲೆಕ್ಕ ಅಲ್ಲಿ ಹಳತಾಗಬಹುದು. ಅವನ್ನು ಓದಲು ಮುಂದೆ ಬಾರದ ಓದುಗರನ್ನು ಹೇಗೆ ತಲುಪುವುದು, ಅದಕ್ಕೆ ಯಾವ ಸಿಬ್ಬಂದಿಯನ್ನು ಯಾವ ಕೆಲಸದಿಂದ ಬಿಡಿಸುವುದು ಎಂಬ ಹೊಸ ಟಿಪ್ಪಣಿ ಬರೆಯಿಸಬೇಕಾಗಿದೆ.

ಎರಡನೆಯ ವರ್ಷದ ಕೊನೆಗೆ ನನ್ನ ಬಳಿ ಅಂಥ 31 ಟಿಪ್ಪಣಿಗಳಿದ್ದವು. ಪ್ರತಿಯೊಂದರ ಅಂಚಿನಲ್ಲೂ ಮೇಡಂ ಅವರ ಕೆಂಪು ಶಾಯಿಯ ಪ್ರಶ್ನೆಗಳಿವೆ. ಅವುಗಳ ಮೂಲವನ್ನು ನಾನು ಇಟ್ಟುಕೊಂಡು, ಬೈಂಡ್ ಮಾಡಿಸಿದ ಒಂದು ಪ್ರತಿಯನ್ನು ಈ ಲೇಖನದ ಜೊತೆ ವಿಭಾಗದ ಗ್ರಂಥಾಲಯಕ್ಕೆ ಕಳುಹಿಸಿದ್ದೇನೆ. ಆಡಳಿತದ ಪತ್ರಿಕೆಯನ್ನು ಈಗ ಪಾಠ ಮಾಡುತ್ತಿರುವವರಿಗೆ ಬೇಕಾದರೆ, ತರಗತಿಯಲ್ಲಿ ಆ ಅಭ್ಯಾಸಗಳನ್ನು ನಡೆಸಲು ಯಾವ ಶನಿವಾರ ಕರೆದರೂ ನಾನು ಬರಲು ಸಿದ್ಧನಿದ್ದೇನೆ. ಹಸಿರು ಹಾಳೆಗಳನ್ನು ನಾನೇ ತರುತ್ತೇನೆ.